ಗಟ್ಟಿಯಾದ ನೀರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಸತ್ತವರ ಮನೆಯ ಮಾತನ್ನು ಪಕ್ಕದ ಮನೆಯವನು ಬರೆಯುವುದು ಮರ್ಯಾದೆಯಲ್ಲ ಎಂದು ನನಗೂ ಗೊತ್ತು. ಇದರಲ್ಲಿ ಸ್ವಲ್ಪ ಭಾಗ ನಾನು ಆ ದಿನ ಬಾಗಿಲ ಬಳಿ ನಿಂತು ನೋಡಿದ್ದು, ಉಳಿದದ್ದು ಆಮೇಲೆ ಆ ಮನೆಯ ಮಗಳು ಧನ್ಯಾ ಹೇಳಿದ್ದು. ಬರೆಯಿರಿ ಎಂದು ಅವಳೇ ಹೇಳಿದಳು. ಆದರೂ ಕೈ ಹಿಂಜರಿಯುತ್ತದೆ. ತಪ್ಪಿದ್ದರೆ ಅದು ನನ್ನದು, ಅವಳದಲ್ಲ.

ಜಯಲಕ್ಷ್ಮಮ್ಮ ಹಳೆಯ ಪಂಚೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದರು. ಬೆರಳಗಲದ ಪಟ್ಟಿ ಕೈಗೆ ಬಂತು. ಅದನ್ನು ಹೊಸೆಯುತ್ತ ಸತ್ತ ಅತ್ತಿಗೆ ಕಾಮಾಕ್ಷಮ್ಮನವರ ಕಾಲ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಅರಕಲಗೂಡಿನಿಂದ ಮೊದಲ ಬಸ್ಸಿಗೆ ಬಂದಿದ್ದರು. ಅತ್ತು, ಮೂಗೊರೆಸಿಕೊಂಡು, ತಲೆ ಎತ್ತಿದಾಗ ಅವರಿಗೆ ಮೊದಲು ಕಂಡದ್ದು ಆ ಕಾಲುಗಳು.

"ಇಷ್ಟೊತ್ತಾದ್ರೂ ಎಬ್ಬೆಟ್ಟು ಕಟ್ಟಿಲ್ವಲ್ರೇ! ಗದ್ದಕ್ಕೆ ಬಟ್ಟೆ ಕಟ್ಟವ್ರೆ, ಕಾಲು ಮರ್ತವ್ರೆ. ಈ ಬೀದೀಲಿ ಯಾರ ಮನೇಲೂ ಸಾವೇ ಆಗಿಲ್ವಾ?"

ಧನ್ಯಾ ಮುಂದೆ ಬಾಗಿ ತಾಯಿಯ ಪಾದಗಳ ಮೇಲೆ ಎರಡೂ ಅಂಗೈ ಇಟ್ಟಳು.

"ಕಟ್ಬೇಡಿ ಅತ್ತೆ."

"ಯಾಕಮ್ಮಿ?"

"ಅಮ್ಮ ಬೇಡ ಅಂದಿದ್ಲು. ನನ್ನ ಕೈಲಿ ಮಾತು ತಗೊಂಡಿದ್ಲು."

ಅಳುತ್ತಿದ್ದ ಹೆಂಗಸರು ಅಳು ಬಿಟ್ಟು ಗುಸುಗುಸು ಎಂದರು. ಸತ್ತವರ ಎರಡು ಹೆಬ್ಬೆರಳನ್ನು ಸೇರಿಸಿ ಕಟ್ಟುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಕಾಲು ಸೊಟ್ಟಗಾಗದಿರಲಿ ಎಂದು ಕೆಲವರು ಹೇಳುತ್ತಾರೆ, ಎದ್ದು ತಿರುಗದಿರಲಿ ಎಂದು ಕೆಲವರು. ಬೇಡವೆಂದು ಮೊದಲೇ ಕೇಳಿಕೊಂಡವರನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

ಹೊರಗೆ ಚಟ್ಟಕ್ಕೆ ಬಿದಿರು ಕಡಿಸುತ್ತಿದ್ದ ಮಂಚಯ್ಯ ಬಾಗಿಲಿಗೆ ಬಂದರು. ಸತ್ತವರ ಗಂಡ ನಂಜಪ್ಪನವರಿಗೆ ದೊಡ್ಡಪ್ಪನ ಮಗ. ಆ ಮನೆತನದಲ್ಲಿ ಹಿರಿಯರು.

"ಏನಂತೆ ಗಲಾಟೆ?"

ಜಯಲಕ್ಷ್ಮಮ್ಮ ಹೇಳಿದರು.

"ಸಾಯೋರು ನೂರು ಹೇಳ್ತಾರೆ, ಎಲ್ಲಾ ಮಾಡಕ್ಕಾದದಾ? ಕಟ್ಟದೆ ಬುಟ್ರೆ ಊರೆಲ್ಲಾ ಸುತ್ತಾಳೆ ಕಣಮ್ಮಿ."

"ಸುತ್ತಾಳೆ ನಮ್ಮತ್ತಿಗೆ!" ಎಂದರು ಜಯಲಕ್ಷ್ಮಮ್ಮ. "ಬದುಕಿದ್ದಾಗ ಬಸ್ ಸ್ಟ್ಯಾಂಡ್ ದಾಟ್ದೋಳಲ್ಲ. ನಮ್ಮನೆ ಗೃಹಪ್ರವೇಶಕ್ಕೆ ಬಾ ಅಂದ್ರೆ, ಬತ್ತೀನಿ ಬತ್ತೀನಿ ಅಂತ ಒಂದು ವರ್ಷ ಅಂದ್ಲು. ಈಗ ತಿರುಗಾಟಕ್ಕೆ ಹೊರಟವ್ಳಂತೆ."

ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ನಗುತ್ತಲೇ ಮತ್ತೆ ಅತ್ತರು. ಜಯಲಕ್ಷ್ಮಮ್ಮನೂ ಅತ್ತರು.

ನಂಜಪ್ಪನವರು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಈಗ ಒಳಗೆ ತಿರುಗಿ ನೋಡದೆಯೇ ಹೇಳಿದರು.

"ಕಟ್ರಿ. ಬಿಗಿಯಾಗಿ ಕಟ್ರಿ."

*

ಕಾಮಾಕ್ಷಮ್ಮನವರ ಕೊರಳಲ್ಲಿ ಎರಡು ತಾಳಿ ಇದ್ದವು. ದೊಡ್ಡದು ಅವರದು. ಚಿಕ್ಕದು ಅವರ ಅಕ್ಕ ಹೊನ್ನಮ್ಮನದು. ಅದನ್ನು ಸವತಿ ಬೊಟ್ಟು ಎನ್ನುತ್ತಾರೆ. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳಾಗಿ ಬಂದವಳು ಅದನ್ನು ಧರಿಸಬೇಕು. ಸತ್ತವಳು ಮುನಿಯದಿರಲಿ ಎಂದು.

ಹೊನ್ನಮ್ಮ ಹಿರೀಸಾವೆಯಿಂದ ಈ ಮನೆಗೆ ಮದುವೆಯಾಗಿ ಬಂದು ಎರಡು ಮಳೆಗಾಲ ಕಂಡವಳು. ಎರಡನೆಯ ಮಳೆಗಾಲದಲ್ಲಿ ಬಟ್ಟೆ ಒಗೆಯಲು ಹೇಮಾವತಿಗೆ ಹೋದವಳು ತಿರುಗಿ ಬರಲಿಲ್ಲ. ನೀರು ಕೆಂಪಾಗಿ ದಡ ಕೊಯ್ಯುತ್ತಿದ್ದ ದಿನಗಳು. ಮೆಟ್ಟಿಲ ಮೇಲೆ ಸೋಪು ಮಾತ್ರ ಸಿಕ್ಕಿತು. ಹೆಣ ಸಿಗಲಿಲ್ಲ. ಕಾದು ಕಾದು, ಕೊನೆಗೆ ಹುಲ್ಲಿನ ಬೊಂಬೆ ಮಾಡಿ ಅದಕ್ಕೆ ಅವಳ ಸೀರೆ ಸುತ್ತಿ ಸುಟ್ಟರು. ಅವಳು ಹೊಳೆಗೆ ಹೋದ ದಿನ ನಂಜಪ್ಪನವರು ಊರಿನಲ್ಲಿರಲಿಲ್ಲ. ಹಿಂದಿನ ಸಂಜೆಯೇ ಚನ್ನರಾಯಪಟ್ಟಣಕ್ಕೆ ಕಾಯಿ ವ್ಯಾಪಾರಕ್ಕೆ ಹೋದವರು, ಮರುದಿನ ಕತ್ತಲಾದ ಮೇಲೆ ಬಂದು ಸುದ್ದಿ ಕೇಳಿದರು. ಹಾಗೆಂದು ಅವರೇ ಹೇಳಿದ್ದು, ಎಲ್ಲರೂ ಹೇಳಿಕೊಂಡು ಬಂದದ್ದು.

ವರ್ಷ ತುಂಬುವುದರೊಳಗೆ ತಂಗಿಯನ್ನು ಅದೇ ಮನೆಗೆ ಕೊಟ್ಟರು. ಗೊತ್ತಿದ್ದ ಮನೆ, ಒಳ್ಳೆಯ ಅತ್ತೆ, ಜಮೀನು. ಕಾಮಾಕ್ಷಮ್ಮ ಬೇಡವೆನ್ನಲಿಲ್ಲ. ಬೇಡವೆನ್ನಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೊಸ ಸೀರೆ ತಂದರೆ ಮೊದಲು ಹೊನ್ನಮ್ಮನ ಹೆಸರಿನಲ್ಲಿ ದೀಪದ ಮುಂದೆ ಇಡಬೇಕು. ಆಮೇಲೆ ತಾವು ಉಡಬೇಕು. ಹೀಗೆ ಕಾಮಾಕ್ಷಮ್ಮನವರು ಉಟ್ಟ ಯಾವ ಸೀರೆಯೂ ಮೊದಲು ಅವರದಾಗಿರಲಿಲ್ಲ. ಈ ಮಾತನ್ನು ಅವರು ದೂರಿನಂತೆ ಹೇಳುತ್ತಿರಲಿಲ್ಲ. "ಅಕ್ಕ ಉಟ್ಟು ಮಡಚಿಟ್ಟಿದ್ದು, ನಂಗೆ ಮೆತ್ತಗಿರುತ್ತೆ" ಎಂದು ನಗುತ್ತಿದ್ದರು.

*

ತೊಂಬತ್ತೆಂಟರ ಸಂಕ್ರಾಂತಿಯ ಹೊತ್ತಿಗೆ ನಮ್ಮ ಬೀದಿಗೆ ಕೇಬಲ್ ಬಂತು. ಧನ್ಯಾ ಆಗ ಪಿಯುಸಿ ಓದುತ್ತಿದ್ದಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ರಿಮೋಟು ಹಿಡಿದು ಒಂದೊಂದೇ ಚಾನೆಲ್ ತಿರುಗಿಸುತ್ತಿದ್ದಳು. ಕಾಮಾಕ್ಷಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಇರು, ತಿರುಗಿಸ್ಬೇಡ."

ಪರದೆಯ ಮೇಲೆ ಕತ್ತಲೆಯಾದ ದೊಡ್ಡ ಅಂಗಣ. ಸುತ್ತ ಸಾವಿರಾರು ಜನ ಇದ್ದಾರೆಂದು ಗೊತ್ತಾಗುತ್ತಿತ್ತು, ಕಾಣುತ್ತಿರಲಿಲ್ಲ. ನಡುವೆ ಒಂದೇ ಒಂದು ಬೆಳಕಿನ ಮಡು. ಅದರೊಳಗೆ ಗಿಣಿಹಸಿರು ಬಟ್ಟೆಯ ಹುಡುಗಿ. ಬಿಳಿಯ ಬೂಟು. ಅವಳು ಹೆಜ್ಜೆ ಎತ್ತುತ್ತಿರಲಿಲ್ಲ, ಆದರೂ ಸಾಗುತ್ತಿದ್ದಳು. ಬೆಳಕು ಅವಳ ಹಿಂದೆಯೇ ಸರಿಯುತ್ತಿತ್ತು.

"ಏನೇ ಇದು? ಕಾಲೇ ಎತ್ತಲ್ಲ, ಓಗ್ತಾನೇ ಅವ್ಳೆ."

"ಸ್ಕೇಟಿಂಗ್ ಕಣಮ್ಮ. ಬೂಟಿನ ಕೆಳಗೆ ಕತ್ತಿ ಅಲಗು ಥರ ಇರುತ್ತೆ. ಮಂಜುಗಡ್ಡೆ ಮೇಲೆ ಜಾರ್ತಾರೆ."

"ಯಾರ್ ಗೆಲ್ತಾರೆ?"

"ಇದು ಪಂದ್ಯ ಅಲ್ಲ. ಗೆದ್ದು ಮುಗಿಸಿದೋರೆಲ್ಲ ಸೇರ್ಕೊಂಡು ಷೋ ಕೊಡೋದು. ಜನ ಟಿಕೆಟ್ ತಗೊಂಡು ನೋಡ್ತಾರೆ."

"ಸೋಲೋರೇ ಇಲ್ಲ ಅನ್ನು."

"ಇಲ್ಲ."

ಕಾಮಾಕ್ಷಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಮಂಜುಗಡ್ಡೆ ಅಂದ್ರೆ ನೀರೇ ಅಲ್ವೇನೇ?"

"ನೀರೇ. ಗಟ್ಟಿಯಾದ ನೀರು."

"ಮುಳುಗಲ್ವಾ?"

"ಮುಳುಗಲ್ಲಮ್ಮ. ಕೆಳಗಡೆ ಸಿಮೆಂಟ್ ನೆಲ ಇರುತ್ತೆ."

ಹುಡುಗಿ ಮೈ ತಿರುಗಿಸಿದಳು. ಈಗ ಅವಳ ಮುಖ ಇವರ ಕಡೆಗಿತ್ತು, ಸಾಗುತ್ತಿದ್ದದ್ದು ಹಿಂದಕ್ಕೆ. ತೋಳು ಚಾಚಿ, ಒಂದು ಕಾಲನ್ನು ಹಿಂದೆ ಎತ್ತಿ, ಎಲ್ಲಿಗೆ ಹೋಗುತ್ತಿದ್ದೇನೆಂದು ನೋಡದೆ ಕತ್ತಲೆಯ ಕಡೆಗೆ ಹಿಮ್ಮುಖವಾಗಿ ಜಾರುತ್ತ ನಗುತ್ತಿದ್ದಳು.

"ನಮ್ಮಜ್ಜಿ ಹೇಳೋಳು" ಎಂದರು ಕಾಮಾಕ್ಷಮ್ಮ ಮೆಲ್ಲಗೆ, "ಸತ್ತೋರು ಇಂಗೇ ಅಂತೆ. ಮುಖ ನಮ್ಮ ಕಡೆ, ಕಾಲು ಆ ಕಡೆ."

ಧನ್ಯಾಗೆ ನಗು ಬಂತು. ಅಷ್ಟರಲ್ಲಿ ಹುಡುಗಿ ಗಾಳಿಗೆ ಹಾರಿ, ಗಿರ್ರನೆ ತಿರುಗಿ, ಇಳಿಯುವಾಗ ಕಾಲು ತಪ್ಪಿ ಬಿದ್ದಳು. ಮೈ ಉದ್ದಕ್ಕೆ ಬಿದ್ದು ಅಷ್ಟು ದೂರ ಜಾರಿಹೋದಳು. ಕಾಮಾಕ್ಷಮ್ಮನವರ ಬಾಯಿಂದ "ಅಕ್ಕಾ" ಎಂಬ ಕೂಗು ಹೊರಟಿತು. ಅಡುಗೆಮನೆಯ ಬೆಕ್ಕು ಓಡಿಹೋಗುವಷ್ಟು ಜೋರಾದ ಕೂಗು.

ಹುಡುಗಿ ಎದ್ದಳು. ಬಟ್ಟೆ ಕೊಡವಿಕೊಂಡಳು. ಕಾಣದ ಜನರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಮತ್ತೆ ಜಾರತೊಡಗಿದಳು.

"ಎದ್ಲು" ಎಂದರು ಕಾಮಾಕ್ಷಮ್ಮ. ಚಿಕ್ಕ ತಾಳಿಯನ್ನು ಹುಡುಕಿ ತೆಗೆದು ಎರಡು ಕಣ್ಣಿಗೂ ಒತ್ತಿಕೊಂಡರು. "ಎದ್ಲು ಕಣೇ."

"ಅಮ್ಮ, ಅದ್ಯಾವುದೋ ರಷ್ಯಾದ ಹುಡುಗಿ."

"ನಂಗೂ ಗೊತ್ತು ಬುಡು. ನಾನೇನು ದಡ್ಡಿಯಾ?" ಎಂದರು. ಆಮೇಲೆ, "ನಗೋದು ಮಾತ್ರ ಅಕ್ಕನ ಥರಾನೇ."

ಅಂದಿನಿಂದ ಭಾನುವಾರ ಆ ಹೊತ್ತಿಗೆ ಕೆಲಸವೆಲ್ಲ ಮುಗಿಸಿ, ಮುಖ ತೊಳೆದು, ಹಣೆಗೆ ಇಟ್ಟುಕೊಂಡು ಬಂದು ಕೂರುತ್ತಿದ್ದರು. ಯಾರಾದರೂ ಬಂದರೆ "ನೆಂಟರು ಬಂದವ್ರೆ" ಎಂದು ತಮಾಷೆ ಮಾಡುತ್ತಿದ್ದರು. ನನ್ನ ಹೆಂಡತಿಗೂ ಒಮ್ಮೆ ಹಾಗೇ ಹೇಳಿದ್ದರು. ಒಳಗೆ ಯಾರಿದ್ದಾರೆಂದು ಇವಳು ಇಣುಕಿ ನೋಡಿ, ಟಿವಿ ಬಿಟ್ಟು ಯಾರನ್ನೂ ಕಾಣದೆ ವಾಪಸ್ಸು ಬಂದಿದ್ದಳು.

*

ಆ ಗಿಣಿಹಸಿರಿನ ಹುಡುಗಿಯನ್ನು ಮತ್ತೆ ತೋರಿಸಿದ್ದು ಮಳೆಗಾಲದ ಒಂದು ಭಾನುವಾರ. ಹಳೆಯ ಕಾರ್ಯಕ್ರಮವನ್ನೇ ತಿರುಗಿ ಹಾಕಿದ್ದರು. ಕಾಮಾಕ್ಷಮ್ಮ ಮುಂದೆ ಸರಿದು ಕುಳಿತರು. ಮಂಡಿಯಿಂದ ಬಂದ ನಂಜಪ್ಪನವರು ಬಾಗಿಲಲ್ಲಿ ನೆನೆದ ಕೊಡೆ ಮಡಚುತ್ತ ನಿಂತಿದ್ದರು. ಟಿವಿಯಲ್ಲಿ ಅದು ಬಂದಾಗಲೆಲ್ಲ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಅಂದು ಮಳೆ ಜೋರಾಗಿತ್ತು, ಹೊರಗೆ ಹೋಗುವಂತಿರಲಿಲ್ಲ.

"ನೋಡು ಧನ್ಯಾ" ಎಂದರು ಕಾಮಾಕ್ಷಮ್ಮ. "ಅಕ್ಕ ಒಳೆಗೆ ಓದಾಗ ಉಟ್ಟಿದ್ದೂ ಇದೇ ಗಿಣಿಹಸಿರಂತೆ. ಅತ್ತೆ ಹೇಳ್ತಿದ್ರು."

"ಗಿಣಿಹಸಿರು ಒಗಿಯೋ ಗಂಟಲ್ಲಿತ್ತು" ಎಂದರು ನಂಜಪ್ಪನವರು. ಕಣ್ಣು ಪರದೆಯ ಮೇಲಿತ್ತು. "ಉಟ್ಟಿದ್ದು ಕಾಫಿಪುಡಿ ಬಣ್ಣದ್ದು."

ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪರದೆಯಲ್ಲಿ ಹುಡುಗಿ ಹಿಮ್ಮುಖವಾಗಿ ಸಾಗುತ್ತಲೇ ಇದ್ದಳು. ಕಾಮಾಕ್ಷಮ್ಮ ಗಂಡನ ಕಡೆ ತಿರುಗಲಿಲ್ಲ. ಧನ್ಯಾ ತಿರುಗಿದಳು. ಅಪ್ಪನ ಮುಖದಲ್ಲಿ, ಆಡಿದ ಮಾತು ತಮ್ಮದೇ ಕಿವಿಗೆ ಬಿದ್ದವರ ದಿಗಿಲು ಇತ್ತು. ಅವರು ಮುಂದೆ ಬಂದು ಟಿವಿಯ ಸ್ವಿಚ್ಚು ಆರಿಸಿ ಒಳಗೆ ಹೋದರು.

ಹಿಂದಿನ ಸಂಜೆಯೇ ಚನ್ನರಾಯಪಟ್ಟಣಕ್ಕೆ ಹೋಗಿದ್ದವರಿಗೆ, ಬೆಳಗ್ಗೆ ಹೊಳೆಗೆ ಹೋದವಳು ಉಟ್ಟ ಸೀರೆ ಹೇಗೆ ಗೊತ್ತು? ಗಂಟಿನೊಳಗೆ ಇದ್ದದ್ದು ಹೇಗೆ ಗೊತ್ತು? ಧನ್ಯಾ ಇದನ್ನು ತಾಯಿಯನ್ನು ಕೇಳಲಿಲ್ಲ. ತಾಯಿಯೂ ಆಡಲಿಲ್ಲ. ಆರಿದ ಪರದೆಯನ್ನೇ ನೋಡುತ್ತ ಕೂತರು.

ಮರುದಿನ ಮಗಳ ಜಡೆ ಹೆಣೆಯುವಾಗ ಮಾತ್ರ ಒಂದು ಮಾತು ಹೇಳಿದರು.

"ನಾನು ಓದಾಗ ಕಾಲು ಕಟ್ಟಕ್ಕೆ ಬುಡ್ಬೇಡ ಮಗಾ."

"ಏನಮ್ಮ ನಿಂದು, ಬೆಳಗ್ಗೆ ಬೆಳಗ್ಗೆ?"

"ಅಕ್ಕಂಗೂ ಕಟ್ಟಿರ್ಲಿಲ್ಲ. ಸಿಕ್ಕಿದ್ರೆ ತಾನೇ ಕಟ್ಟಕ್ಕೆ? ಅದ್ಕೇ ಅಂಗೆ ಜಾರ್ತಾ ಅವ್ಳೆ. ಕಟ್ಟಿದ್ರೆ ಆಯ್ತಿತ್ತಾ?" ಜಡೆಯ ತುದಿಗೆ ರಿಬ್ಬನ್ನು ಬಿಗಿದರು. "ಮಾತು ಕೊಡು."

ಧನ್ಯಾ ಕಾಲೇಜಿಗೆ ಹೊತ್ತಾಯಿತೆಂದು ಅವಸರದಲ್ಲಿ ಮಾತು ಕೊಟ್ಟಳು.

*

ಆರು ವರ್ಷದ ಹಿಂದೆ ಕೊಟ್ಟ ಆ ಮಾತು ಈಗ ಹೆಣದ ಮುಂದೆ ಬಂದು ನಿಂತಿತ್ತು. ಕಾಮಾಕ್ಷಮ್ಮನವರಿಗೆ ಸ್ನಾನ ಮಾಡಿಸಿದ್ದರು. ಮುತ್ತೈದೆ ಸಾವು. ಮುಖಕ್ಕೆ ಅರಿಶಿನ, ಕಾಸಿನಗಲದ ಕುಂಕುಮ, ಕೈತುಂಬ ಹಸಿರು ಬಳೆ. ನನ್ನ ಹೆಂಡತಿ ಜಡೆಗೆ ಕನಕಾಂಬರ ಮುಡಿಸಿದಳು. ಪಾದಗಳಿಗೂ ಅರಿಶಿನ ಹಚ್ಚಿದ್ದರು. ಅವು ಒಂದಕ್ಕೊಂದು ಬೆನ್ನು ಮಾಡಿ ಎರಡು ಕಡೆಗೆ ವಾಲಿದ್ದವು.

"ಹೊತ್ತು ಏರ್ತಾ ಅದೆ" ಎಂದರು ಮಂಚಯ್ಯ. "ನಂಜಪ್ಪ, ಒಳಿಕ್ಕೆ ಬಾ. ನಿನ್ನ ಹೆಂಡ್ರು, ನಿನ್ನ ಮನೆ. ನೀನೇ ಒಂದು ಮಾತಾಡು."

ನಂಜಪ್ಪನವರು ಒಳಗೆ ಬಂದರು. ತಂಗಿ ಜಯಲಕ್ಷ್ಮಮ್ಮನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡರು. ಹೆಂಡತಿಯ ಕಾಲ ಬುಡದಲ್ಲಿ ಮಂಡಿಯೂರಿ ಎರಡು ಹೆಬ್ಬೆರಳನ್ನು ಸೇರಿಸಿ ಹಿಡಿದರು. ತೆಂಗಿನಕಾಯಿ ಮೂಟೆಗಳ ಬಾಯಿಯನ್ನು ಬದುಕೆಲ್ಲ ಕಟ್ಟಿದ ಕೈ. ಆ ಕೈಗೆ ಗಂಟು ಬರಲಿಲ್ಲ. ಪಟ್ಟಿ ಸುತ್ತಿಕೊಂಡಿತು, ಜಾರಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು. ಅರಿಶಿನದ ಜಿಡ್ಡು ಎಂದು ಯಾರೋ ಹೇಳಿದರು.

ಅವರು ತಲೆ ಎತ್ತಿದರು. ಧನ್ಯಾ ಅಪ್ಪನನ್ನು ಅಷ್ಟು ಸಣ್ಣವರಾಗಿ ಹಿಂದೆ ಕಂಡಿರಲಿಲ್ಲ.

"ನೀನೇ ಕಟ್ಬುಡು ಮಗಾ" ಎಂದರು. "ನಂಗೆ ಭಯ ಆಯ್ತದೆ. ಒಬ್ಳು ತಿರುಗೋದೇ ಸಾಕು."

ಪಟ್ಟಿಯನ್ನು ಅವಳ ಮಡಿಲಿಗೆ ಚಾಚಿದರು. ಧನ್ಯಾ ಅದನ್ನು ಕೈಗೆ ತೆಗೆದುಕೊಂಡಳು. ಕಟ್ಟಿಬಿಡಬೇಕೆಂದೇ ತನಗೆ ಆಗ ಅನಿಸಿತು ಎಂದು ಆಮೇಲೆ ಅವಳು ನನಗೆ ಹೇಳಿದ್ದಾಳೆ. ಹೋದವಳು ಹೋದಳು, ನಾಳೆಯಿಂದ ಈ ಮನೆಯಲ್ಲಿ ಬೇಯಿಸಿ ಬಡಿಸಬೇಕಾದದ್ದು ಇರುವವರಿಗೆ. ಹೆಬ್ಬೆರಳುಗಳನ್ನು ಸೇರಿಸಿದಳು. ಅವು ತಣ್ಣಗಿದ್ದವು. ಒಂದು ಸುತ್ತು ಸುತ್ತಿದಳು.

ಸುತ್ತಿ, ಕೈ ತಡೆದಳು.

"ಅಪ್ಪ, ದೊಡ್ಡಮ್ಮ ಆವತ್ತು ಉಟ್ಟಿದ್ದು ಯಾವ ಬಣ್ಣ?"

ನಂಜಪ್ಪನವರು ಕೈಗೆ ಹತ್ತಿದ್ದ ಅರಿಶಿನವನ್ನು ಪಂಚೆಗೆ ಒರೆಸಿಕೊಂಡರು.

"ಅವ್ನಿಗೇನು ಗೊತ್ತಮ್ಮಿ?" ಎಂದರು ಮಂಚಯ್ಯ. "ಆವತ್ತು ಅವ್ನು ಊರಲ್ಲೇ ಇರ್ಲಿಲ್ವಲ್ಲ. ಚನ್ರಾಯಪಟ್ಣದಲ್ಲಿದ್ದ. ಈಗ್ಯಾಕೆ ಆ ಮಾತು?"

"ಗೊತ್ತು ದೊಡ್ಡಪ್ಪ. ಊರಲ್ಲಿರಲಿಲ್ಲ ಅಂತ ಅಪ್ಪನೇ ಒಂದ್ಸಲ ಅಮ್ಮನ ಮುಂದೆ ಹೇಳ್ಲಿ. ನಾನೇ ಕಟ್ತೀನಿ."

ಜಯಲಕ್ಷ್ಮಮ್ಮ ಅಣ್ಣನ ಮುಖ ನೋಡಿದರು. ಅಲ್ಲಿ ಕಂಡದ್ದನ್ನು ನೋಡಬಾರದಿತ್ತು ಎನ್ನುವಂತೆ ತಕ್ಷಣ ತಲೆ ತಗ್ಗಿಸಿದರು. ನಂಜಪ್ಪನವರ ಬಾಯಿ ಒಮ್ಮೆ ತೆರೆಯಿತು. ಅವರು ಹೆಂಡತಿಯ ಮುಖವನ್ನು ನೋಡಿದರು, ಕೊರಳಿನ ಎರಡು ತಾಳಿಯನ್ನು ನೋಡಿದರು. ನೆಲಕ್ಕೆ ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋದರು.

ಧನ್ಯಾ ಪಟ್ಟಿಯ ಸುತ್ತು ಬಿಚ್ಚಿದಳು. ಪಾದಗಳು ತಮ್ಮಷ್ಟಕ್ಕೆ ಎರಡು ಕಡೆಗೆ ವಾಲಿದವು.

"ಹೊದಿಸ್ಬುಡಿ" ಎಂದರು ಮಂಚಯ್ಯ. "ಸೀರೆ ಹೊದಿಸಿ ಎತ್ತಿ. ಸಾಕು."

*

ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುವವರು ಹಿಂದಕ್ಕೆ ನೋಡಬಾರದು. ನಂಜಪ್ಪನವರು ಬೀದಿಯ ತಿರುವು ಬರುವುದರೊಳಗೇ ತಿರುಗಿ ನೋಡಿದರು. ಮಂಚಯ್ಯ ಗದರಿದರು. ಕೋಟೆಯ ಹತ್ತಿರ ಮತ್ತೆ ನೋಡಿದರು. ನಾನು ಚಟ್ಟದ ಹಿಂಬದಿಗೆ ಹೆಗಲು ಕೊಟ್ಟಿದ್ದೆ. ನಮ್ಮ ನಡಿಗೆಗೆ ಸೀರೆಯ ಕೆಳಗೆ ಪಾದಗಳು ಅತ್ತಿತ್ತ ಆಡುತ್ತಿದ್ದುದು ನನಗೆ ಕಾಣುತ್ತಿತ್ತು. ಮುಂದೆ ಇದ್ದ ಅವರಿಗೆ ಕಾಣುವಂತಿರಲಿಲ್ಲ.

ಸುಡುಗಾಡು ಹೊಳೆಯ ಅಂಚಿನಲ್ಲೇ ಇದೆ. ಎಲ್ಲ ಮುಗಿದ ಮೇಲೆ ನಾವೆಲ್ಲ ಹೊಳೆಯಲ್ಲಿ ಮುಳುಗಿ ಎದ್ದೆವು. ನಂಜಪ್ಪನವರು ನೀರಿಗೆ ಇಳಿಯಲಿಲ್ಲ. ಮಂಚಯ್ಯ ಒಂದು ಚೊಂಬಿನಲ್ಲಿ ನೀರು ತಂದು ಅವರ ತಲೆಗೆ ಹೊಯ್ದರು.

ತಿರುಗಿ ಬರುವಾಗ ಹೊತ್ತು ಇಳಿದಿತ್ತು. ಹೆಂಗಸರು ಮನೆ ತೊಳೆದು, ಹೆಣದ ತಲೆ ಇಟ್ಟಿದ್ದ ಜಾಗದಲ್ಲಿ ದೀಪ ಹಚ್ಚಿದ್ದರು. ಮಣ್ಣಿಗೆ ಹೋದವರು ಆ ದೀಪ ನೋಡಿಕೊಂಡೇ ತಮ್ಮ ಮನೆಗೆ ಹೋಗಬೇಕು. ಒಬ್ಬೊಬ್ಬರಾಗಿ ಒಳಗೆ ಹೋಗಿ ಕೈ ಮುಗಿದು ಬಂದೆವು. ನಂಜಪ್ಪನವರು ಮಾತ್ರ ಹೊಸ್ತಿಲಿನ ಈಚೆ ನಿಂತರು. ಹಳೆಯ ಕೆಂಪು ಗಾರೆ ನೆಲ. ಕಾಮಾಕ್ಷಮ್ಮ ದಿನವೂ ಒರೆಸಿ ಒರೆಸಿ ಕನ್ನಡಿಯಂತೆ ಮಾಡಿದ್ದು. ದೀಪದ ಬೆಳಕು ಅದರ ಮೇಲೆ ಉದ್ದಕ್ಕೆ ಬಿದ್ದು ಹೊಸ್ತಿಲವರೆಗೆ ಬಂದಿತ್ತು.

"ಬಾ ಅಣ್ಣ, ದೀಪ ನೋಡು."

"ನೀರದೆ" ಎಂದರು ನಂಜಪ್ಪನವರು. "ಒಣಗ್ಲಿ."

"ಒಣಗಿ ಆಗ್ಲೇ ಗಂಟೆ ಆಯ್ತಲ್ಲೋ." ಜಯಲಕ್ಷ್ಮಮ್ಮ ಅಂಗೈಯನ್ನು ನೆಲದ ಮೇಲೆ ಉಜ್ಜಿ, ಎತ್ತಿ ತೋರಿಸಿದರು. ಕೈ ಒಣಗಿಯೇ ಇತ್ತು.

ಅವರು ಬಲಗಾಲನ್ನು ಎತ್ತಿ ಒಳಗೆ ಚಾಚಿದರು. ಹೆಬ್ಬೆರಳಿನ ತುದಿಯಿಂದ ನೆಲವನ್ನು ಮುಟ್ಟಿದರು. ಕಾಲನ್ನು ಹಿಂದಕ್ಕೆ ಎಳೆದುಕೊಂಡು ಬಾಗಿಲವಾಡವನ್ನು ಎರಡು ಕೈಯಿಂದ ಹಿಡಿದರು. ಧನ್ಯಾ ದೀಪದ ಪಕ್ಕದಲ್ಲಿ ಕುಳಿತು ಬತ್ತಿ ಸರಿಮಾಡುತ್ತಿದ್ದಳು.

ಹೊನ್ನಮ್ಮ ಹೋದ ದಿನ ಹೊಳೆಯ ಮೆಟ್ಟಿಲ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಧನ್ಯಾಗೂ ಗೊತ್ತಿಲ್ಲ, ಅವಳು ಮತ್ತೆ ಕೇಳಿಲ್ಲ. ಕಾಮಾಕ್ಷಮ್ಮನವರಿಗೆ ಎಷ್ಟು ಗೊತ್ತಿತ್ತು ಎಂಬುದೂ ತಿಳಿಯದು. ನಾನು ಮನೆಗೆ ಹೊರಟಾಗ ನಂಜಪ್ಪನವರು ಬಾಗಿಲು ಹಿಡಿದು ನಿಂತೇ ಇದ್ದರು. ಅವರ ಕಣ್ಣು ದೀಪದ ಮೇಲಿರಲಿಲ್ಲ. ಆ ಒಣಗಿದ ನೆಲದ ಮೇಲೆ ಯಾವುದೋ ಒಂದನ್ನು ಹಿಂಬಾಲಿಸುತ್ತ, ನಿಧಾನವಾಗಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯುತ್ತಿತ್ತು.